ಹಿಂದಿಂದ ಓದೋ ಪುಸ್ತಕ, ಕಾಸಿಲ್ಲದ ಬ್ಯಾಟ್‌ಮ್ಯಾನ್

ನಮಸ್ಕಾರ.

ಕಾಮಿಕ್ಸ್ ಬಗ್ಗೆ ರೇಡಿಯೋಲಿ ಮಾತಾಡ್ತೀರಾ ಅಂತ ಕೇಳ್ದಾಗ ನಂಗೆ ನಗು ಬಂತು, ಚಿತ್ರ ತೋರ್ಸೋಕೇ ಆಗದ ಕಡೆ ಚಿತ್ರದ ಪುಸ್ತಕದ ಬಗ್ಗೆ ಏನ್ ಹೇಳ್ಲಿ ಅಂತ. ಆದ್ರೂ ಒಪ್ಕೊಂಡೆ. ಮನೇಲಿ ಈ ವಿಷ್ಯ ತೆಗೆದ್ರೆ ಸಾಕು ನಮ್ಮನೆಯವ್ರು ಎದ್ದೋಗಿ ಗಿಡಕ್ಕೆ ನೀರ್ ಹಾಕೋಕೆ ಶುರು ಮಾಡ್ತಾರೆ, ಇಲ್ಲಿ ಆದ್ರೆ ನೀವು ಎದ್ದೋದ್ರೂ ನಂಗೆ ಕಾಣ್ಸಲ್ಲ.

ನಾನು ದಿನಾ ತುಮಕೂರಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡೋಳು. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ ಗಂಟೆ, ಸಿಗ್ನಲ್ಲಿಗೆ ನಿಲ್ಸಿದ್ರೆ ಇನ್ನೂ ಜಾಸ್ತಿ. ಸೀಟ್ ಸಿಕ್ರೆ ಮಾಂಗಾ, ಸಿಗದಿದ್ರೆ ಫೋನು. ಮಾಂಗಾ ಅಂದ್ರೆ ಜಪಾನಿನ ಕಾಮಿಕ್ಸ್, ಅಂಗೈಗಿಂತ ಸ್ವಲ್ಪ ದೊಡ್ಡ ಪುಸ್ತಕ, ಹೆಚ್ಚು ಕಮ್ಮಿ 200 ಪುಟ, ಕಪ್ಪು ಬಿಳುಪು, ಬಲಗಡೆಯಿಂದ ಎಡಗಡೆಗೆ ಓದ್ಬೇಕು. ಇಂಗ್ಲಿಷಿಗೆ ತಂದಾಗ್ಲೂ ಹಂಗೇ ಬಿಡ್ತಾರೆ. ನಮ್ಮ ಅಭ್ಯಾಸದ ಪ್ರಕಾರ ಮೊದಲ್ನೇ ಪುಟ ಅಂತ ತೆಗೆದ್ರೆ ಅಲ್ಲಿ, ನೀವು ಉಲ್ಟಾ ಹಿಡ್ಕೊಂಡಿದೀರ, ಆ ಕಡೆಯಿಂದ ಬನ್ನಿ ಅಂತ ಬರ್ದಿರುತ್ತೆ. ಮೊದ್ಲ ಸಲ ನನ್ ಮಗಳು ಒಂದು ಸಂಪುಟ ಕೊಟ್ಟಾಗ ನಾನು ಅದನ್ನೂ ಓದದೆ ಕೊನೇ ಪುಟದಲ್ಲಿ ಯಾರೋ ಅಳ್ತಿರೋದನ್ನ ನೋಡಿ, ಎಷ್ಟ್ ಚೆನ್ನಾಗಿ ಶುರು ಮಾಡಿದಾನಲ್ಲ ಅಂದ್ಕೊಂಡಿದ್ದೆ.

ಮೂರು ತಿಂಗಳ ಹಿಂದೆ ರೈಲಲ್ಲಿ ಎದುರು ಸೀಟಲ್ಲಿ ಒಬ್ರು ಹಿರಿಯರು ಕೂತಿದ್ರು. ಬಿಳೀ ಶರ್ಟು, ತೊಡೆ ಮೇಲೆ ಎರಡು ಡಬ್ಬಿ ಟಿಫನ್ ಕ್ಯಾರಿಯರು. ಕ್ಯಾತ್ಸಂದ್ರ ದಾಟಿದಾಗಿಂದ ನನ್ ಕೈಲಿರೋ ಪುಸ್ತಕನೇ ನೋಡ್ತಿದ್ರು. ಆಮೇಲೆ ತಡ್ಕೊಳಕಾಗ್ದೆ ಕೇಳೇಬಿಟ್ರು, "ಯಾಕಮ್ಮಾ ಹಿಂದಿಂದ ಓದ್ತಿದೀಯ? ನಮ್ಮ ಹುಡುಗ್ರೂ ಹಿಂಗೇ ಮಾಡೋರು, ಕೊನೇ ಪುಟದಲ್ಲಿ ಉತ್ತರ ನೋಡ್ಕೊಂಡು ಆಮೇಲೆ ಲೆಕ್ಕ ಮಾಡೋರು." ರಿಟೈರ್ಡ್ ಲೆಕ್ಕದ ಮೇಷ್ಟ್ರಂತೆ. ನಾನು ವಿವರ್ಸಿದೆ. ಅವ್ರು ಪುಟ ತಿರುವಿ ನೋಡಿ, ಸರಿ, ಉತ್ತರ ಇದ್ಯಲ್ಲ, ಅಷ್ಟು ಸಾಕು ಅಂದ್ರು.

ಉತ್ತರ ಇದೆ ಅನ್ನೋ ಮಾತು ನಂಗೆ ಹಿಡಿಸ್ತು. ಯಾಕಂದ್ರೆ ನಾನು ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಬಿಟ್ಟಿದ್ದೇ ಅದಕ್ಕೆ, ಅಲ್ಲಿ ಕೊನೇ ಪುಟಾನೇ ಇಲ್ಲ. ಬ್ಯಾಟ್‌ಮ್ಯಾನ್ ಬಂದಿದ್ದು 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ, ಇವತ್ತಿಗೂ ತಿಂಗಳು ತಿಂಗಳು ಬರ್ತಾನೇ ಇದಾರೆ. ಪಾತ್ರ ಕಂಪನೀದು, ಬರೆಯೋರು ಬರ್ತಾರೆ ಹೋಗ್ತಾರೆ, ಸತ್ತೋರು ವರ್ಷದೊಳಗೆ ವಾಪಸ್ ಬರ್ತಾರೆ, ಮದುವೆ ಆಗಿದ್ದು ಆಗಿಲ್ಲ ಅಂತ ಆಗುತ್ತೆ, ನಮ್ಮ ಮೆಗಾ ಧಾರಾವಾಹಿಗಳಿಗೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ, ಇವ್ರು ಪ್ಯಾಂಟ್ ಮೇಲೆ ಚಡ್ಡಿ ಹಾಕಿರ್ತಾರೆ ಅಷ್ಟೇ. ನಂಗೆ ಮೊದಲ ಸೂಪರ್‌ಹೀರೋ ಅಂದ್ರೆ ಬಾಲಮಂಗಳದ ಡಿಂಗ. ಒಂದು ಇಲಿ. ಅದಕ್ಕೂ ಕೊನೆ ಅಂತ ಇರ್ಲಿಲ್ಲ ನಿಜ, ಆದ್ರೆ ಪ್ರತೀ ಕಥೆ ಅವತ್ತೇ ಮುಗೀತಿತ್ತು, ಮುಂದಿನ ಸಂಚಿಕೆ ಕೊಳ್ಳೋಕೆ ಅಪ್ಪನ ಹತ್ರ ಕಾಸಿಲ್ದಿದ್ರೂ ನಷ್ಟ ಆಗ್ತಿರ್ಲಿಲ್ಲ.

ಮತ್ತೆ ಅಮೆರಿಕದ್ದು ಓದೋಕೆ ಶುರು ಮಾಡಿದ್ದು ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಇಂದ. 2024ರ ಅಕ್ಟೋಬರಲ್ಲಿ ಶುರುವಾಯ್ತು, ಬರೆಯೋರು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟ್ಟಾ. ಸ್ನೈಡರ್ ಹಿಂದೇನೂ ವರ್ಷಗಟ್ಟಲೆ ಬ್ಯಾಟ್‌ಮ್ಯಾನ್ ಬರ್ದಿದ್ದೋರೇ, ಹಂಗಾಗಿ ಹೊಸದೇನಿರುತ್ತೆ ಅಂತ ನಂಗೆ ಅನುಮಾನ ಇತ್ತು. ಅವ್ರು ಮಾಡಿರೋದು ಇಷ್ಟೇ, ಬ್ಯಾಟ್‌ಮ್ಯಾನ್ ಆಗೋ ಬ್ರೂಸ್ ವೇನ್ ಹತ್ರ ಇದ್ದ ದುಡ್ಡು ಕಿತ್ಕೊಂಡಿದಾರೆ. ಬಂಗಲೆ ಇಲ್ಲ, ಕಾಫಿ ತಂದ್ಕೊಡೋ ಬಟ್ಲರ್ ಇಲ್ಲ. ಕೂಲಿನಾಲಿ ಮಾಡೋರ ಓಣೀಲಿ ಬೆಳೆದ ಹುಡುಗ, ಎಂಜಿನಿಯರು. ಅಪ್ಪ ಸ್ಕೂಲ್ ಮೇಷ್ಟ್ರು, ಮಕ್ಕಳನ್ನ ಮೃಗಾಲಯಕ್ಕೆ ಟೂರ್ ಕರ್ಕೊಂಡ್ ಹೋದಾಗ ಗುಂಡೇಟಿಗೆ ಸಾಯ್ತಾರೆ. ಅಮ್ಮ ಬದುಕಿದಾಳೆ, ಇದು ದೊಡ್ಡ ಬದಲಾವಣೆ, ಯಾಕಂದ್ರೆ ಈ ಬ್ಯಾಟ್‌ಮ್ಯಾನ್‌ಗೆ ಕಳ್ಕೊಳ್ಳೋಕೆ ಇನ್ನೂ ಒಂದು ಜೀವ ಉಳ್ಕೊಂಡಿದೆ. ಹಳೇ ಕಥೇಲಿ ಖಳನಾಯಕರಾಗಿದ್ದ ಪೆಂಗ್ವಿನ್ನು, ರಿಡ್ಲರ್ರು, ಟು-ಫೇಸು ಎಲ್ಲಾ ಇಲ್ಲಿ ಇವನ ಜೊತೆ ಬೆಳೆದ ಗೆಳೆಯರು, ಶುರುವಲ್ಲಿ ಇನ್ನೂ ಕೆಟ್ಟಿರಲ್ಲ. ಅದನ್ನ ಓದೋವಾಗ ಎದೆ ಹಿಂಡುತ್ತೆ, ಇವ್ರು ಮುಂದೆ ಏನಾಗ್ಬೋದು ಅಂತ ಓದ್ತಿರೋ ನಮಗೆ ಗೊತ್ತು, ನಗ್ತಾ ಕೂತಿರೋ ಆ ಹುಡುಗರಿಗೆ ಗೊತ್ತಿಲ್ಲ. ದುಡ್ಡಿರೋನು ಇಲ್ಲಿ ಇವನ ದೊಡ್ಡ ವೈರಿ ಜೋಕರ್ರು, ಮತ್ತೆ ಅವನು ನಗೋದೇ ಇಲ್ಲ.

ಚಿತ್ರದ ಬಗ್ಗೆ ಒಂದೇ ಒಂದು ಹೇಳ್ತೀನಿ, ಕಣ್ಮುಚ್ಕೊಂಡು ಕೇಳಿ. ಆಳು ಎಷ್ಟು ದಪ್ಪ ಅಂದ್ರೆ ಚೌಕಟ್ಟಲ್ಲಿ ಹಿಡಿಸಲ್ಲ, ಭುಜ ಆ ಕಡೆ ಈ ಕಡೆ ಕತ್ತರಿಸಿ ಹೋಗಿರುತ್ತೆ. ಎದೆ ಮೇಲಿನ ಬಾವಲಿ ಗುರುತು ಅಂಟ್ಸಿರೋ ಸ್ಟಿಕ್ಕರ್ ಅಲ್ಲ, ಕಿತ್ತು ಹಿಡಿಗೆ ಸಿಕ್ಕಿಸಿದ್ರೆ ಕೊಡಲಿ. ಕಿವಿ ಎರಡೂ ಕಿತ್ರೆ ಚೂರಿ. ಗಾಡಿ ನೋಡಿದ್ರೆ ಕಲ್ಲು ಕ್ವಾರೀಲಿ ಓಡಾಡೋ ಟಿಪ್ಪರ್ ತರ ಇದೆ. ದುಡ್ಡಿಲ್ದಿರೋನು ಕೈಗೆ ಸಿಕ್ಕಿದ್ರಲ್ಲೇ ಮಾಡ್ಕೋತಾನಲ್ಲ, ಆ ಹಠ ಡ್ರಗೋಟ್ಟಾ ಗೆರೇಲೇ ಇದೆ. ನನ್ ತಕರಾರು ಅಂದ್ರೆ ರಕ್ತ ಜಾಸ್ತಿ. ಕೈ ಕಡಿಯೋದು ಕಾಲು ಕಡಿಯೋದು ಒಂದ್ಸಲ ನೋಡಿದ್ರೆ ಬೆಚ್ಚಿ ಬೀಳ್ತೀವಿ, ನಾಲ್ಕ್ನೇ ಸಲ ಬಂದಾಗ ನಾನು ಕಿಟಕಿ ಆಚೆ ನೋಡ್ತಿದ್ದೆ.

ಇದೇ ಸಾಲಲ್ಲಿ ಬಂದ ವಂಡರ್ ವುಮನ್ನೂ ಓದಿ, ಕೆಲ್ಲಿ ಥಾಂಪ್ಸನ್ ಬರ್ದಿರೋದು, ಚಿತ್ರ ಹೇಡನ್ ಶೆರ್ಮನ್. ಇನ್ನೂ ಮಗು ಆಗಿರೋ ವಂಡರ್ ವುಮನ್ನನ್ನ ನರಕದಲ್ಲಿರೋ ಮಾಟಗಾತಿ ಸರ್ಸೀ ಕೈಗೆ ಹಾಕಿಬಿಡ್ತಾರೆ, ಅವಳಿಗೆ ಮಗು ಬೇಡವೇ ಬೇಡ, ಮಗು ಮಾತ್ರ ಅಲ್ಲಿರೋ ರಾಕ್ಷಸರನ್ನೆಲ್ಲ ನೋಡಿ ಹೆದರದೆ ಪ್ರೀತಿ ಮಾಡುತ್ತೆ. ನರಕದಲ್ಲಿ ಬೆಳೆದೂ ಒಳ್ಳೇ ಹುಡುಗಿ ಆಗ್ತಾಳೆ. ಹೆತ್ತೋಳಲ್ಲ, ಸಾಕಿದೋಳು ಅಮ್ಮ ಅನ್ನೋದನ್ನ ಒಂದು ಸಾಲೂ ಭಾಷಣ ಮಾಡದೆ ತೋರ್ಸಿದಾರೆ. ನಂಗೆ ಬ್ಯಾಟ್‌ಮ್ಯಾನ್‌ಗಿಂತ ಇದೇ ಒಂದು ಗುಲಗಂಜಿ ಜಾಸ್ತಿ ಇಷ್ಟ, ಮಗಳು ಒಪ್ಪಲ್ಲ.

ಸ್ಪೈಡರ್‌ಮ್ಯಾನ್‌ದು ಉಲ್ಟಾ ಕಥೆ. 2024ರ ಜನವರೀಲಿ ಶುರುವಾದ ಅಲ್ಟಿಮೇಟ್ ಸ್ಪೈಡರ್‌ಮ್ಯಾನಲ್ಲಿ, ಜೊನಾಥನ್ ಹಿಕ್‌ಮನ್ ಬರ್ದಿರೋದು, ಪೀಟರ್‌ಗೆ , ಅಂದ್ರೆ ಸ್ಪೈಡರ್‌ಮ್ಯಾನ್ ಆಗ್ಬೇಕಾದ ಹುಡುಗನಿಗೆ, ಶಾಲೆ ವಯಸ್ಸಲ್ಲಿ ಆ ಶಕ್ತಿ ಕೊಡೋ ಜೇಡ ಕಚ್ಚೋದೇ ಇಲ್ಲ. ಕಚ್ಚದಂಗೆ ಯಾರೋ ತಡ್ದಿರ್ತಾರೆ. ಅವನು ಓದಿ, ಕೆಲಸಕ್ಕೆ ಸೇರಿ, ಮದುವೆ ಆಗಿ, ಇಬ್ಬರು ಮಕ್ಕಳ ಅಪ್ಪ ಆಗಿ, ಮೂವತ್ತೈದರ ಆಸುಪಾಸಲ್ಲಿ ಒಂದು ದಿನ ಆ ಜೇಡ ಅವನ ಹತ್ರ ಬರುತ್ತೆ, ಬೇಕಾ ಬೇಡ್ವಾ ನೀನೇ ತೀರ್ಮಾನ ಮಾಡು ಅಂತ. ಕಚ್ಚಿಸ್ಕೊಳ್ಳೋದು ಅವನ ಆಯ್ಕೆ ಇಲ್ಲಿ. ಇದನ್ನ ನಾನು ಓದಿದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಪಾತ್ರೆ ತೊಳೆದಿಟ್ಟು. ಬೇರೆ ಏನೋ ಆಗ್ಬೇಕಿತ್ತು ನಾನು ಅನ್ನೋ ಯೋಚನೆ ಯಾರಿಗ್ ಬರಲ್ಲ ಹೇಳಿ. ಹಳೇ ಕಥೇಲಿ ಸಾಯೋ ಬೆನ್ ಚಿಕ್ಕಪ್ಪ ಇದ್ರಲ್ಲಿ ಬದುಕಿದಾರೆ, ಪೇಪರ್ ಆಫೀಸನ್ನ ಗೂಂಡಾ ಕಿಂಗ್‌ಪಿನ್ ಕೊಂಡ್ಕೊಂಡಾಗ ಅವ್ರೂ ಅಲ್ಲಿನ ಸಂಪಾದಕ ಜೇಮ್ಸನ್ನೂ ಕೆಲಸ ಬಿಟ್ಟು ತಮ್ಮದೇ ಪತ್ರಿಕೆ ಶುರು ಮಾಡ್ತಾರೆ. ನಾನು ಹೊಡೆದಾಟದ ಪುಟ ಹಾರ್ಸಿ ಆ ಇಬ್ರು ಮುದುಕರ ಜಗಳಾನೇ ಎರಡೆರಡು ಸಲ ಓದಿದೀನಿ. ಒಂದು ಸಂಚಿಕೆಗೆ ಕಥೇಲೂ ಒಂದು ತಿಂಗಳು ಕಳೆಯುತ್ತೆ, 24 ಸಂಚಿಕೆಗೆ ಮುಗಿಸಿಬಿಟ್ರು. ಮುಗಿಸಿದ್ರು! ಅಮೆರಿಕದೋರು! ಕೊನೆ ಕೊನೇಲಿ ಸ್ವಲ್ಪ ಎಳೆದಂಗಿತ್ತು, ಆದ್ರೂ ಮುಗಿಸಿದ್ದಕ್ಕೇ ನಾನು ಅರ್ಧ ಮಾರ್ಕ್ಸ್ ಕೊಡ್ತೀನಿ.

ಬೆಲೆ ಬಗ್ಗೆ ಹೇಳ್ದಿದ್ರೆ ಹೊಟ್ಟೆ ಉರಿ ಕಮ್ಮಿ ಆಗಲ್ಲ. ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಬಿಡಿ ಸಂಚಿಕೆ ಐದು ಡಾಲರಿಗೆ ಒಂದು ಸೆಂಟ್ ಕಮ್ಮಿ, ಅಂದ್ರೆ 400 ರೂಪಾಯಿ ಮೇಲೆ, ಇಪ್ಪತ್ತು ಚಿಲ್ಲರೆ ಪುಟಕ್ಕೆ, ಯಶವಂತಪುರ ಬರೋದ್ರೊಳಗೆ ಖಾಲಿ. ಅಷ್ಟೇ ದುಡ್ಡಿಗೆ ಒಂದು ಮಾಂಗಾ ಸಂಪುಟ ಬರುತ್ತೆ, ಎರಡು ದಿನ ಓದ್ಬೋದು. ಹಂಗಾಗಿ ನಾನು ಬ್ಯಾಟ್‌ಮ್ಯಾನ್ ಒಂದಷ್ಟು ಸಂಚಿಕೆ ಒಟ್ಟುಗೂಡಿಸಿ ಪುಸ್ತಕ ಮಾಡೋವರೆಗೂ ಕಾಯ್ತೀನಿ, ಇಲ್ಲಾಂದ್ರೆ ಚರ್ಚ್ ಸ್ಟ್ರೀಟಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕ್ತೀನಿ. ಒಂದು ಆನ್‌ಲೈನ್ ಅಂಗಡೀಲಿ ಮಾಂಗಾ ಒಂದರ ಮೂರನೇ ಸಂಪುಟ ಆರ್ಡರ್ ಮಾಡಿದ್ರೆ ಹದಿಮೂರನೇದು ಕಳ್ಸಿದ್ರು, ಅದು ಇವತ್ತಿಗೂ ಬಿಚ್ಚದೆ ಬೀರು ಮೇಲಿದೆ, ಇನ್ನೂ ಹತ್ತು ಓದ್ಬೇಕು ಅಲ್ಲಿಗ್ ಬರೋಕೆ.

ಈಗ ಮಾಂಗಾಗೆ ಬರೋಣ. ಅಲ್ಲಿ ಸಾಮಾನ್ಯವಾಗಿ ಕಥೆ ಒಬ್ರ ಕೈಲೇ ಹುಟ್ಟಿ ಅದೇ ಕೈಲೇ ಮುಗಿಯುತ್ತೆ, ಅದಕ್ಕೆ ಆ ಕೈ ತೆರೋ ಬೆಲೆನೂ ದೊಡ್ಡದೇ. ಹಂಟರ್ ಹಂಟರ್ ಬರೆಯೋ ಯೋಶಿಹಿರೋ ತೊಗಾಶಿ 1998ರಿಂದ ಬರೀತಿದಾರೆ, ಬೆನ್ನುನೋವಿಗೆ ಕೂರೋಕೇ ಆಗ್ದೆ ವರ್ಷಗಟ್ಟಲೆ ನಿಲ್ಸಿದ್ದೂ ಉಂಟು, 38ನೇ ಸಂಪುಟ ಬಂದಿದ್ದು 2024ರಲ್ಲಿ. ವಾರವಾರ ಪುಟ ಕೊಡೋ ಕೆಲಸ ಆಗಿತ್ತು ಅದು, ಇನ್ನೂ ಬಂದಿಲ್ವಾ ಅಂತ ಗೊಣಗೋಕೆ ಮುಂಚೆ ಆ ಬೆನ್ನು ನೆನಪಾಗ್ಲಿ ನಂಗೂ.

2024ರಲ್ಲಿ ಎರಡು ದೊಡ್ಡ ಕಥೆ ಮುಗಿದ್ವು. ಜುಜುತ್ಸು ಕೈಸೆನ್ 30 ಸಂಪುಟಕ್ಕೆ. ಇದು ನಂಗೆ ಅಷ್ಟಕ್ಕಷ್ಟೇ. ಹೊಡೆದಾಟ ಭರ್ಜರಿ, ಗೆರೆ ಕಿತ್ತೋದಂಗೆ ಓಡುತ್ತೆ, ಆದ್ರೆ ಪ್ರತಿಯೊಬ್ಬನ ಶಕ್ತಿಗೂ ಷರತ್ತು, ಷರತ್ತಿಗೆ ವಿನಾಯ್ತಿ, ವಿನಾಯ್ತಿಗೆ ಇನ್ನೊಂದು ಷರತ್ತು, ಪಾಲು ಪಟ್ಟಿ ಕಾಗದ ಓದ್ದಂಗಾಗುತ್ತೆ. ಗುದ್ದೋ ಮುಂಚೆ ನಾಲ್ಕು ಪುಟ ವಿವರಣೆ. ಕೊನೆಗೆ ಬೇರೆ ಅವಸರದಲ್ಲಿ ಬಾಗಿಲು ಹಾಕ್ದಂಗಾಯ್ತು.

ಇನ್ನೊಂದು ಮೈ ಹೀರೋ ಅಕಾಡೆಮಿಯಾ, ಕೊಹೇಯಿ ಹೊರಿಕೋಶಿ ಹತ್ತು ವರ್ಷ ಬರ್ದಿದ್ದು, 42 ಸಂಪುಟ. ಎಲ್ರಿಗೂ ಏನಾದ್ರೂ ಒಂದು ಶಕ್ತಿ ಇರೋ ಲೋಕದಲ್ಲಿ ಏನೂ ಇಲ್ದೆ ಹುಟ್ಟಿದ ಹುಡುಗ ಮಿದೋರಿಯಾ, ದೊಡ್ಡ ಹೀರೋ ಒಬ್ಬನಿಂದ ಶಕ್ತಿ ಪಡೀತಾನೆ, ಲೋಕ ಉಳಿಸ್ತಾನೆ, ಉಳಿಸೋವಾಗ ಆ ಶಕ್ತಿ ಖರ್ಚಾಗೋಗುತ್ತೆ. ಎಂಟು ವರ್ಷ ಆದ್ಮೇಲೆ ನೋಡಿದ್ರೆ ಅವನು ತಾನು ಓದಿದ ಶಾಲೇಲೇ ಮೇಷ್ಟ್ರು. ಓದುಗರಲ್ಲಿ ಒಂದಷ್ಟು ಜನ ಬೈದ್ರು ಬೈದ್ರು, ಇಷ್ಟೆಲ್ಲಾ ಮಾಡಿ ಕೊನೆಗೆ ಮೇಷ್ಟ್ರಾ ಅಂತ. ನಂಗೆ ಆ ಬೈಗುಳ ಓದಿ ಮೈ ಉರೀತು. ಮೇಷ್ಟ್ರು ಆಗೋದು ಸೋಲು ಅಂತ ಯಾವಾಗಿಂದ ಆಯ್ತು? ಗೆಳೆಯರೆಲ್ಲ ಸೇರಿ ದುಡ್ಡು ಹಾಕಿ ಅವನಿಗೊಂದು ಯಂತ್ರದ ಉಡುಪು ಮಾಡ್ಸಿಕೊಡ್ತಾರೆ, ಮತ್ತೆ ಹೀರೋ ಆಗೋಕೆ. ನನ್ನ ಕೇಳಿದ್ರೆ ಅದು ಇಲ್ದಿದ್ರೂ ನಡೀತಿತ್ತು, ಚೆನ್ನಾಗಿ ಕುದ್ದ ಸಾರಿಗೆ ಕೊನೇಲಿ ಬೆಲ್ಲ ಜಾಸ್ತಿ ಹಾಕ್ದಂಗಾಯ್ತು. ಆದ್ರೆ ಅವನು ಕ್ಲಾಸಲ್ಲಿ ನಿಂತಿರೋದನ್ನ ಅವತ್ತು ನಾನು ತುಂಬಾ ಹೊತ್ತು ನೋಡ್ತಾ ಕೂತಿದ್ದೆ.

ದಂಡಾದಾನ್ ಬಗ್ಗೆ ಎರಡೇ ಮಾತು. ಹುಡುಗಿ ದೆವ್ವ ನಂಬ್ತಾಳೆ ಏಲಿಯನ್ ನಂಬಲ್ಲ, ಹುಡುಗ ಏಲಿಯನ್ ನಂಬ್ತಾನೆ ದೆವ್ವ ನಂಬಲ್ಲ, ಎರಡೂ ಇದಾವೆ ಅಂತ ಒಂದೇ ರಾತ್ರೀಲಿ ಗೊತ್ತಾಗುತ್ತೆ. ಓಡೋ ಅಜ್ಜಿ ದೆವ್ವ ಒಂದಿದೆ, ಅದು ಆ ಹುಡುಗನ ಏನನ್ನ ಕದೀತು ಅಂತ ನಾನು ಆಕಾಶವಾಣೀಲಿ ಹೇಳೋಕಾಗಲ್ಲ. ಮಗಳ ಜೊತೆ ಕೂತು ಓದೋವಾಗ ಆ ಪುಟ ಬಂದ್ರೆ ಇಬ್ರೂ ಬೇರೆ ಬೇರೆ ಗೋಡೆ ನೋಡ್ತೀವಿ.

ಫ್ರೀರೆನ್. ಇದನ್ನ ಕೊನೆಗಿಟ್ಕೊಂಡಿದ್ದೆ. ಬರೆಯೋರು ಕಾನೆಹಿತೊ ಯಾಮಾದಾ, ಚಿತ್ರ ತ್ಸುಕಾಸಾ ಆಬೆ, 2020ರಲ್ಲಿ ಶುರುವಾಗಿದ್ದು. ಬೇರೆ ಕಥೆಗಳು ಎಲ್ಲಿ ಮುಗಿಯುತ್ವೋ ಇದು ಅಲ್ಲಿಂದ ಶುರು. ರಾಕ್ಷಸ ರಾಜನ್ನ ಕೊಂದು ನಾಲ್ಕು ಜನ ಊರಿಗೆ ವಾಪಸ್ ಬಂದಾಗಿದೆ. ಆ ರಾತ್ರಿ ಉಲ್ಕೆ ಮಳೆ ನೋಡ್ತಾ ಅವ್ರಲ್ಲೊಬ್ಬಳಾದ ಫ್ರೀರೆನ್ ಹೇಳ್ತಾಳೆ, ಮುಂದಿನ ಸಲ ಇನ್ನೂ ಚೆನ್ನಾಗಿ ಕಾಣೋ ಜಾಗ ತೋರಿಸ್ತೀನಿ ಅಂತ. ಮುಂದಿನ ಸಲ ಅಂದ್ರೆ 50 ವರ್ಷ ಆದ್ಮೇಲೆ. ಅವಳು ಸಾವಿರ ವರ್ಷ ದಾಟಿ ಬದುಕೋಳು, ಅವಳಿಗೆ ಅದು ಮುಂದಿನ ಸೋಮವಾರ ಇದ್ದಂಗೆ. ಹೇಳ್ದಂಗೆ ಬರ್ತಾಳೆ ಕೂಡ. ನಾಯಕ ಹಿಮ್ಮೆಲ್ ಅಷ್ಟೊತ್ತಿಗೆ ಕುಳ್ಳಗೆ ಬೋಳುತಲೆ ಮುದುಕ ಆಗಿರ್ತಾನೆ, ನಗ್ತಾ ಬಾಗ್ಲಲ್ಲಿ ನಿಂತಿರ್ತಾನೆ. ಸ್ವಲ್ಪ ದಿನಕ್ಕೇ ಸಾಯ್ತಾನೆ. ಮಣ್ಣು ಮಾಡೋ ಜಾಗದಲ್ಲಿ ಜನ, ಇವಳಿಗೆ ದುಃಖಾನೇ ಇಲ್ವಲ್ಲ ಅಂತ ಮಾತಾಡ್ಕೋತಾರೆ. ಹತ್ತು ವರ್ಷ ಜೊತೇಲಿದ್ದೂ ಇವನ ಬಗ್ಗೆ ನಂಗೇನೂ ಗೊತ್ತಿಲ್ಲ ಅಂತ ಆಗ ಅವಳಿಗೆ ಅಳು ಬರುತ್ತೆ. ಅಷ್ಟೇ, ಮೊದಲ ಅಧ್ಯಾಯ. ಮಿಕ್ಕಿದ್ದೆಲ್ಲ ಅವಳು ತಡವಾಗಿ ತಿಳ್ಕೊಳ್ಳೋದು. ಅಳ್ಸೋದಷ್ಟೇ ಅಲ್ಲ, ಪೆಟ್ಟಿಗೆ ವೇಷದ ರಾಕ್ಷಸ ಇದು ಅಂತ 99 ಪರ್ಸೆಂಟ್ ಗೊತ್ತಿದ್ರೂ ಉಳಿದ ಒಂದು ಪರ್ಸೆಂಟಿಗೆ ತಲೆ ತೂರಿಸಿ ಸಿಕ್ಕಾಕೊಂಡು ಕಾಲು ಬಡೀತಿರ್ತಾಳೆ, ಪ್ರತೀ ಸಲ. ನನ್ ತಂಗಿ ಲಾಟರಿ ತಗೊಂಡಂಗೆ.

ಆ ಲೆಕ್ಕದ ಮೇಷ್ಟ್ರು ಆಮೇಲೂ ಐದಾರು ಸಲ ಸಿಕ್ರು. ಮಿದೋರಿಯಾ ಮೇಷ್ಟ್ರಾದ ಕಥೆ ಹೇಳ್ದೆ. "ಸಂಬಳ ಎಷ್ಟಂತೆ?" ಅಂದ್ರು. ಆ ಸಂಪುಟಾನೇ ಕೊಡೋಣ ಅನ್ಸಿತ್ತು, ಅದಕ್ಕೆ ಮುಂಚೆ 41 ಓದ್ಬೇಕಲ್ಲ, ಅದಕ್ಕೇ ಫ್ರೀರೆನ್ ಒಂದನೇ ಸಂಪುಟ ಕೊಟ್ಟೆ. ಯಾವ ಕಡೆಯಿಂದ ಶುರು ಮಾಡ್ಬೇಕು ಅಂತ ಪೆನ್ಸಿಲಲ್ಲಿ ಬಾಣದ ಗುರುತು ಹಾಕ್ಸ್ಕೊಂಡ್ರು. ಎರಡು ವಾರ ಆಯ್ತು, ಬೋಗೀಲಿ ಮೇಷ್ಟ್ರೂ ಕಾಣ್ತಿಲ್ಲ, ಪುಸ್ತಕನೂ ಕಾಣ್ತಿಲ್ಲ. ಮೇಷ್ಟ್ರೇ, ರೇಡಿಯೋ ಕೇಳ್ತಿದ್ರೆ, ಎರಡ್ನೇ ಸಂಪುಟ ನನ್ ಬ್ಯಾಗಲ್ಲೇ ಇದೆ. ಬೆಳಿಗ್ಗೆ ಅದೇ ಗಾಡಿ, ಎಂಜಿನ್ನಿಂದ ಮೂರನೇ ಬೋಗಿ.

ನಮಸ್ಕಾರ.