ಗೆಳೆಯರಿಗೆ ಹೇಳಿ ಊರು ಬಿಡಿ

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮ ಮನೆಯಲ್ಲಿ ಯಾರಿಗಾದರೂ ದೂರದ ಊರಿಗೆ ವರ್ಗವಾಗಿದೆಯಾ? ಸಾಮಾನು ಕಟ್ಟುವ ಗಲಾಟೆ ಶುರುವಾಗಿದೆಯಾ? ಹಾಗಾದರೆ ಈ ಮಾತು ನಿಮಗೇ. ಪಾತ್ರೆಗೆ ಪೇಪರ್ ಸುತ್ತುತ್ತಲೇ ಕೇಳಿ, ಪರವಾಗಿಲ್ಲ. ನಾನು ಹೇಳುವುದು ಒಂದೇ ಒಂದು. ಮಗು ತನ್ನ ಗೆಳೆಯರಿಗೆ ಹೇಳಿ ಊರು ಬಿಡಲಿ. ಹೇಳದೆ ಹೋಗುವುದು ಬೇಡ.

ಇದೇನು ಮಹಾ ವಿಷಯ ಅಂತೀರಿ, ಗೊತ್ತು. ನಾನು ಪ್ರೈಮರಿ ಶಾಲೆಯ ಮೇಡಂ ಆಗಿದ್ದವಳು. ಟಿಸಿ ಕೇಳಲು ಬರುವ ಅಪ್ಪ ಅಮ್ಮಂದಿರಿಗೆ ಎಲ್ಲಾ ನೆನಪಿರುತ್ತದೆ. ಗ್ಯಾಸ್ ಸಿಲಿಂಡರ್ ವಾಪಸ್ ಕೊಟ್ಟಾಯ್ತು, ಹಾಲಿನವರ ಲೆಕ್ಕ ಚುಕ್ತಾ ಆಯ್ತು, ಮನೆ ಓನರ್ ಹತ್ತಿರ ಅಡ್ವಾನ್ಸ್‌ಗೆ ಜಗಳ ಆಡಿದ್ದೂ ಆಯ್ತು. ಮಗು ಫ್ರೆಂಡ್ಸ್‌ಗೆ ಹೇಳಿದೆಯಾ ಅಂತ ಕೇಳಿದರೆ ಮಾತ್ರ, ಅಯ್ಯೋ ಮಕ್ಕಳಿಗೇನು ಮೇಡಂ, ಎರಡು ದಿನಕ್ಕೆ ಮರೀತಾರೆ, ಅಂತಾರೆ. ಯಾರು ಹೇಳಿದ್ದು ನಿಮಗೆ?

ನಮ್ಮ ಕ್ಯಾಲೆಂಡರ್ ಬೇರೆ ಇದಕ್ಕೆ ಅಡ್ಡ. ಏಪ್ರಿಲ್ 10ರ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ. ಎಷ್ಟೋ ಇಲಾಖೆ, ಬ್ಯಾಂಕುಗಳಲ್ಲಿ ಆರ್ಡರ್ ಬರುವುದು ಅದಾದ ಮೇಲೆ. ಒಬ್ಬಳು ಅಜ್ಜಿ ಮನೆಗೆ, ಇನ್ನೊಬ್ಬ ಮಾವನ ಮನೆಗೆ ಹೋಗಿರುತ್ತಾರೆ. ಅಷ್ಟರಲ್ಲಿ ಲಾರಿ ಬಂದು ಸಾಮಾನು ತುಂಬಿಕೊಂಡು ಹೋಗಿರುತ್ತದೆ. ಇದರ ಜೊತೆಗೆ, ಆರ್ಡರ್ ಕ್ಯಾನ್ಸಲ್ ಮಾಡಿಸೋಣ ಅಂತ ಅಪ್ಪ ಕೊನೆವರೆಗೂ ಓಡಾಡುತ್ತಾ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಕ್ಯಾನ್ಸಲ್ ಆದರೆ ಆಗಲಿ, ಆದರೂ ಮಗುವಿಗೆ ಹೇಳಿ. ಪಕ್ಕದ ಮನೆಯವರಿಂದ ಅದಕ್ಕೆ ಗೊತ್ತಾಗಬಾರದು.

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಐದನೇ ಕ್ಲಾಸಿನಲ್ಲಿ ಇಬ್ಬರು ಹುಡುಗಿಯರಿದ್ದರು. ಒಬ್ಬಳ ಅಪ್ಪ ಬ್ಯಾಂಕ್ ಆಫೀಸರು, ಇನ್ನೊಬ್ಬಳ ಮನೆಯವರದ್ದು ಬೇಕರಿ. ಒಂದೇ ಬೆಂಚು, ಒಂದೇ ಟಿಫಿನ್ ಬಾಕ್ಸ್ ಅನ್ನುವ ಹಾಗಿದ್ದರು. ಏಪ್ರಿಲ್ ಮೊದಲ ವಾರ ಖೋಖೋ ಆಡುವಾಗ ಔಟ್ ಆದದ್ದು ಹೌದಾ ಅಲ್ವಾ ಅಂತ ಜಗಳ ಬಂತು, ಬೇಕರಿ ಹುಡುಗಿ ಟೂ ಬಿಟ್ಟಳು. ಆ ವಯಸ್ಸಿನಲ್ಲಿ ಇದೆಲ್ಲ ಮಾಮೂಲು. ರಜೆ ಮುಗಿದು ಬರುವಷ್ಟರಲ್ಲಿ ರಾಜಿ ಆಗಿರುತ್ತಿತ್ತು. ಆದರೆ ರಜೆಯಲ್ಲಿ ಆಫೀಸರಿಗೆ ಗುವಾಹಟಿಗೆ ವರ್ಗ ಬಂತು. ಬೆಂಗಳೂರಿಂದ ರೈಲು ಹತ್ತಿದರೂ ಎರಡು ಹಗಲು ಎರಡು ರಾತ್ರಿ ದಾಟುವ ಊರು, ಸುಮಾರು 3000 ಕಿಲೋಮೀಟರ್. ಯಾರಿಗೂ ಹೇಳದೆ ಮನೆ ಖಾಲಿ ಮಾಡಿದರು. ಜೂನ್‌ನಲ್ಲಿ ಹಾಜರಿ ಕೂಗಿದಾಗ ಆ ಹೆಸರಿಗೆ ಉತ್ತರ ಇಲ್ಲ. ಯಾರೋ ಎದ್ದು, ಮಿಸ್ ಅವಳು ಅಸ್ಸಾಂಗೆ ಹೋದಳಂತೆ, ಅಂದರು.

ಬೇಕರಿ ಹುಡುಗಿ ಆವತ್ತಿಂದ ಬೆಂಚಿನ ತುದಿಯಲ್ಲೇ ಕೂರುತ್ತಿದ್ದಳು, ಪಕ್ಕದ ಜಾಗದಲ್ಲಿ ಬ್ಯಾಗ್ ಇಟ್ಟು ಬೇರೆಯವರನ್ನು ಕೂರಿಸಿಕೊಳ್ಳುತ್ತಿರಲಿಲ್ಲ. ಖೋಖೋಗೆ ಕರೆದರೆ ಹೊಟ್ಟೆನೋವು. ಅವರಮ್ಮ ಜಂತಿನ ಮಾತ್ರೆ ಕೊಟ್ಟರಂತೆ! ಕೊನೆಗೆ ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು, ನಾನು ಟೂ ಬಿಟ್ಟಿದ್ದಕ್ಕೇ ಅವಳು ಊರು ಬಿಟ್ಟಿದ್ದಾ ಮಿಸ್? ಹತ್ತು ವರ್ಷದ ಮಗು ಕಣ್ರೀ. ಎರಡು ತಿಂಗಳು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಅಪ್ಪನ ಟ್ರಾನ್ಸ್‌ಫರ್, ಆಡಳಿತ, ಇದೆಲ್ಲ ಮಕ್ಕಳಿಗೆ ಎಲ್ಲಿ ಗೊತ್ತಾಗಬೇಕು? ಯಾರೂ ಕಾರಣ ಹೇಳದಿದ್ದರೆ ತಾನೇ ಕಾರಣ ಅಂದುಕೊಳ್ಳುತ್ತವೆ.

ಟಿಸಿಗೆ ಬಂದ ಅರ್ಜಿಯಲ್ಲಿ ಹೊಸ ವಿಳಾಸ ಇತ್ತು. ಅವರ ಮನೆಗೆ ಫೋನ್ ಮಾಡಿ ಕೇಳಿಕೊಂಡು, 50 ಪೈಸೆಯ ಒಂದು ಪೋಸ್ಟ್‌ಕಾರ್ಡ್ ಇವಳ ಕೈಗೆ ಕೊಟ್ಟೆ. ನಮ್ಮ ಪಿನ್‌ಕೋಡ್ 57ರಿಂದ ಶುರುವಾಗುತ್ತೆ, ಅಸ್ಸಾಂನದು 78 ಯಾಕೆ ಮಿಸ್ ಅಂತ ಅಲ್ಲೇ ಒಂದು ಪ್ರಶ್ನೆ. ದೇಶವನ್ನು ಪಿನ್ ವಲಯಗಳಾಗಿ ಹಂಚಿರುವುದನ್ನು ಭೂಪಟದ ಮುಂದೆ ನಿಲ್ಲಿಸಿ ತೋರಿಸಿದೆ. ಕಾರ್ಡಿನ ತುಂಬಾ ಖೋಖೋ ಜಗಳದ್ದೇ ವಿವರಣೆ, ಕೊನೆಯಲ್ಲಿ, ನೀನು ಔಟ್ ಆಗಿದ್ದು ನಿಜ, ಆದರೂ ಟೂ ವಾಪಸ್ ತಗೊಂಡಿದೀನಿ, ಅಂತ. ಉತ್ತರ ಬಂತು. ಇಲ್ಲಿ ಬೆಳಗ್ಗೆ ನಾಲ್ಕೂವರೆಗೇ ಬೆಳಕಾಗುತ್ತೆ, ನನ್ನ ಮೇಲೆ ನಿನಗೆ ಇನ್ನೂ ಕೋಪ ಇದೆ ಅಂದುಕೊಂಡಿದ್ದೆ, ನಾನು ಔಟ್ ಆಗಿರಲಿಲ್ಲ. ಮಾರನೇ ದಿನ ಬೆಂಚಿನ ಮೇಲಿಂದ ಬ್ಯಾಗ್ ಕೆಳಗಿಳಿಯಿತು.

ನೋಡಿ, ಇದರಲ್ಲೇ ಸಮಯ ಹೋಯ್ತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅಮೆರಿಕದ ಡೇವಿಡ್ ಪೊಲಾಕ್ ಅನ್ನುವವರು ದೇಶದಿಂದ ದೇಶಕ್ಕೆ ಹೋಗುವ ಕುಟುಂಬಗಳ ಮಕ್ಕಳ ಬಗ್ಗೆ ಬಹಳ ಕೆಲಸ ಮಾಡಿದವರು. ಅವರು ಹೇಳುವ ಮೊದಲ ಹೆಜ್ಜೆಯೇ, ಜಗಳ ಇದ್ದರೆ ಮುಗಿಸಿ ಹೊರಡಿ ಅಂತ. ಆಮೇಲೆ, ಬೇಕಾದವರಿಗೆ ನೀವು ಬೇಕಾದವರು ಅಂತ ಹೇಳಿ. ಆಮೇಲೆ ವಿದಾಯ. ಹೊಸ ಊರಿನ ಯೋಚನೆ ಕೊನೆಗೆ. ನಾವು ಮಾಡುವುದು ಉಲ್ಟಾ. ಹೊಸ ಊರಲ್ಲಿ ದೊಡ್ಡ ಮಾಲ್ ಇದೆ ಕಣೋ, ಹೊಸ ಫ್ರೆಂಡ್ಸ್ ಸಿಗ್ತಾರೆ ಬಿಡು, ಇದರಿಂದಲೇ ಶುರು.

ದೊಡ್ಡ ಪಾರ್ಟಿ ಏನೂ ಬೇಡ. ಹತ್ತಿರದ ಒಬ್ಬಿಬ್ಬರನ್ನು ಒಂದು ಸಂಜೆ ಮನೆಗೆ ಕರೆಯಿರಿ. ಡಬ್ಬಗಳ ಮಧ್ಯೆಯೇ ಆಡಲಿ. ಅತ್ತರೆ ಅಳಲಿ, ಚಿಪ್ಸ್ ಕೊಟ್ಟು ಬಾಯಿ ಮುಚ್ಚಿಸಬೇಡಿ. ಮೂರ್ನಾಲ್ಕು ವರ್ಷದ ಮಗುವಿಗೆ ಒಂದೆರಡು ವಾರ ಮೊದಲು ಹೇಳಿದರೆ ಸಾಕು, ದೊಡ್ಡ ಮಕ್ಕಳಿಗೆ ನಿಮಗೆ ಗೊತ್ತಾದ ದಿನವೇ ಹೇಳಿ.

ವಿಡಿಯೋ ಕಾಲ್ ಇದೆಯಲ್ಲ ಅಂತೀರಾ? ಕ್ಲಾಸಿನ ವಾಟ್ಸಾಪ್ ಗ್ರೂಪ್ ಇರುವುದು ನಿಮ್ಮ ಫೋನಿನಲ್ಲಿ, ಮಗುವಿನ ಹತ್ತಿರ ಅಲ್ಲ. ಟಿಸಿ ತೆಗೆದುಕೊಂಡ ಮೇಲೆ ಅದರಿಂದಲೂ ನಿಮ್ಮನ್ನು ತೆಗೆಯುತ್ತಾರೆ. ನಂಬರ್, ವಿಳಾಸ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಮಗುವಿನ ಕೈಯಲ್ಲೇ ಬರೆಸಿ.

ಬೇರೆ ರಾಜ್ಯಕ್ಕೆ ಹೋಗುವವರು ಇನ್ನೊಂದು ಕೇಳಿಸಿಕೊಳ್ಳಿ. ಅಲ್ಲಿನ ಶಾಲೆಯವರು ಟಿಸಿ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವುದುಂಟು, ಅದಕ್ಕೆ ಹೇಗೂ ಒಂದೆರಡು ಸಲ ಓಡಾಡಬೇಕು. ಅದರಲ್ಲಿ ಒಂದು ಸಲ ಶಾಲೆ ತೆರೆದಿರುವ ದಿನ ನೋಡಿಕೊಂಡು ಮಗುವನ್ನೂ ಕರೆದುಕೊಂಡು ಹೋಗಿ, ನೀವು ಆಫೀಸಿನಲ್ಲಿ ಕೂತಿರಿ, ಅದನ್ನು ಕ್ಲಾಸಿಗೆ ಬಿಡಿ. ನಮಸ್ಕಾರ.