ಒಂದೇ ಫ್ರೇಮ್, ಎರಡು ಮನೆ

ಎಲ್ಲರಿಗೂ ನಮಸ್ಕಾರ.

ಊರಿನ ಆಟದ ಫೋಟೋ ತೆಗೆದು, ಅದನ್ನು ಕ್ರಾಪ್ ಮಾಡಿ, ಅಂದರೆ ಬೇಡದ ಅಂಚು ಕತ್ತರಿಸಿ, ಮಾರುವುದು ಹೇಗೆ ಅಂತ ಹೇಳಿ ಅಂದಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ನಮ್ಮ ಕೊಡವ ಕೌಟುಂಬಿಕ ಹಾಕಿ, ಕೊಡಗಿನಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡವಾಗಿ ಆಡುವ ಹಬ್ಬ. ಅದನ್ನೇ ಹಿಡಿದು ಮಾತಾಡುತ್ತೇನೆ. ಇಲ್ಲಿ ಹೇಳುವುದರಲ್ಲಿ ಜಾಸ್ತಿ ಪಾಲು ಕಬಡ್ಡಿಗೂ ವಾಲಿಬಾಲಿಗೂ ಶಾಲೆಯ ಕ್ರೀಡಾಕೂಟಕ್ಕೂ ಆಗುತ್ತದೆ.

1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಈ ಹಬ್ಬ ಶುರು ಮಾಡಿದಾಗ ಆಡಿದ್ದು 60 ಮನೆತನ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಮನೆತನದವರು ನಡೆಸಿದ ಕಪ್‌ನಲ್ಲಿ ಆಡಿದ್ದು 360 ಮನೆತನ. ಗಿನ್ನೆಸ್ ದಾಖಲೆಯೂ ಆಯಿತು. ಫೋಟೋ ತೆಗೆಯುವವರು ಆ ಸಂಖ್ಯೆಯನ್ನು ಬೇರೆ ರೀತಿ ನೋಡಬೇಕು. ಇದು ನಾಕೌಟ್ ಆಟ, ಒಮ್ಮೆ ಸೋತವರು ಹೊರಗೆ. 360 ತಂಡ ಅಂದರೆ ಲೆಕ್ಕಕ್ಕೆ 359 ಪಂದ್ಯ. ಕಪ್ ಎತ್ತುವುದು ಒಂದೇ ಮನೆ. ಉಳಿದ 359 ಮನೆಯವರೂ ಯಾವತ್ತೋ ಒಂದು ದಿನ ಸೋತು ಗಾಡಿ ಹತ್ತುತ್ತಾರೆ. ಎಷ್ಟೋ ಮನೆಗಳಿಗೆ ಮೊದಲ ಪಂದ್ಯವೇ ಕೊನೆಯದು.

ಹಾಗಾಗಿ ಫೈನಲ್‌ಗೆ ಕಾಯಬೇಡಿ. ಫೈನಲ್ ದಿನ ಎಲ್ಲ ಪತ್ರಿಕೆಯವರೂ ಇರುತ್ತಾರೆ. ಮೊದಲ ವಾರ ಬೆಳಗ್ಗೆ, ಗ್ಯಾಲರಿಯಲ್ಲಿ ಬರೀ ಎರಡು ಕುಟುಂಬ ಕೂತಿರುವಾಗ ಮೈದಾನದ ಪಕ್ಕ ನೀವೊಬ್ಬರೇ ಇರುತ್ತೀರಿ. ಅಲ್ಲಿ ಆಡುವವರಲ್ಲಿ ಅಜ್ಜನೂ ಇರುತ್ತಾರೆ, ಮೊಮ್ಮಗನೂ ಇರುತ್ತಾನೆ. ಗಂಡಸರ ಜೊತೆಗೇ ಹೆಣ್ಣುಮಕ್ಕಳೂ ಆಡುತ್ತಾರೆ. ಇಂಥ ಟೀಮು ಬೇರೆಲ್ಲಿ ಸಿಗುತ್ತದೆ ಹೇಳಿ? ಆ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ಆದರೆ ಆ ಮನೆಯ ಗೋಡೆಗೆ ಅದು ಬೇಕು.

ಪ್ರತಿ ಪಂದ್ಯಕ್ಕೂ ಮೊದಲ ಫೋಟೋ ಸ್ಕೋರ್ ಬೋರ್ಡಿನದ್ದು ತೆಗೆಯಿರಿ. ದಿನಕ್ಕೆ ಎಷ್ಟೋ ಪಂದ್ಯ ನಡೆಯುತ್ತವೆ. ಸಂಜೆ ಕಂಪ್ಯೂಟರ್ ಮುಂದೆ ಕೂತಾಗ ಯಾವ ಬಣ್ಣದ ಜೆರ್ಸಿ ಯಾವ ಮನೆಯದ್ದು ಅಂತ ನೆನಪಿರುವುದಿಲ್ಲ. ಆಟಗಾರರ ಬೆನ್ನಿನದ್ದೂ ಒಂದೊಂದು ತೆಗೆದಿಡಿ, ನಂಬರ್ ಸಿಗುತ್ತದೆ. ಮನೆಪೆದ, ಅಂದರೆ ಮನೆತನದ ಹೆಸರು, ತಪ್ಪಾಗಿ ಬರೆದ ಲಕೋಟೆಯಲ್ಲಿ ಎಷ್ಟು ಒಳ್ಳೆ ಫೋಟೋ ಕೊಟ್ಟರೂ ಅದು ಆ ಮನೆಯವರ ಮನಸ್ಸಿಗೆ ಹಿಡಿಸುವುದಿಲ್ಲ.

ನಾನು ದೂರದ್ದನ್ನು ಹತ್ತಿರ ತೋರಿಸುವ 70-200 ಎಂಎಂ ಲೆನ್ಸ್ ಹಾಕಿ, ಗೋಲ್ ಲೈನಿನ ಆಚೆ, ಗೋಲ್ ಪೋಸ್ಟಿಗಿಂತ ತುಸು ದೂರ ಸಣ್ಣ ಸ್ಟೂಲ್ ಮೇಲೆ ಕೂರುತ್ತೇನೆ. ಕೂತರೆ ಹಿಂದೆ ಆಕಾಶವೋ ಮರವೋ ಸಿಗುತ್ತದೆ, ಆಟಗಾರ ಎತ್ತರವಾಗಿ ಕಾಣುತ್ತಾನೆ. ಶಟರ್ ಸ್ಪೀಡ್ ಸೆಕೆಂಡಿನ 1000ನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಸ್ಟಿಕ್ಕಿನ ತುದಿ ಮೈಗಿಂತ ಬಹಳ ಬೇಗ ಓಡುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಮುಖಕ್ಕೆ ಕಪ್ಪು ನೆರಳು ಬೀಳುತ್ತದೆ. ಸ್ವಲ್ಪ ಬೆಳಕು ಜಾಸ್ತಿ ಕೊಡಿ, ಬಿಳಿ ಅಂಗಿ ಸುಟ್ಟುಹೋಗದಷ್ಟು.

ಇನ್ನು ಮುಖ್ಯ ಮಾತು. ಆಟಗಾರನನ್ನು ಫ್ರೇಮಿನ ತುಂಬ ತುಂಬಿಸಲು ಹೋಗಬೇಡಿ. ಸುತ್ತ ಜಾಗ ಬಿಡಿ. ಚೆಂಡು ಎತ್ತ ಹೋಗುತ್ತದೆ ಅಂತ ನಿಮಗೆ ಗೊತ್ತಿಲ್ಲ, ಕೈ ಎತ್ತಿ ಕುಣಿಯುತ್ತಾನೋ ಮಂಡಿಯೂರುತ್ತಾನೋ ಅದೂ ಗೊತ್ತಿಲ್ಲ. ಕ್ಯಾಮೆರಾದಲ್ಲೇ ತುಂಡಾದ ಕೈಯನ್ನು ಆಮೇಲೆ ಯಾರೂ ಜೋಡಿಸಲಾರರು.

ಹಾಗಂತ ಎಷ್ಟು ಬೇಕಾದರೂ ಜಾಗ ಬಿಡಬಹುದು ಅಂತಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ ಸುಮಾರು 6000 ಪಿಕ್ಸೆಲ್ ಅಡ್ಡ, 4000 ಪಿಕ್ಸೆಲ್ ಉದ್ದ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 8×12 ಇಂಚಿನ ಪ್ರಿಂಟಿಗೆ 2400, 3600 ಪಿಕ್ಸೆಲ್ ಬೇಕು. ಅಡ್ಡ ಹಿಡಿದು ತೆಗೆದ ಫೋಟೋದಿಂದ ಒಬ್ಬ ಆಟಗಾರನನ್ನು ಉದ್ದಕ್ಕೆ ಕತ್ತರಿಸಿದರೆ 8×12 ಚೆನ್ನಾಗಿ ಬರುತ್ತದೆ, ಅವನು ಫ್ರೇಮಿನ ಎತ್ತರವನ್ನು ಹೆಚ್ಚುಕಮ್ಮಿ ತುಂಬಿದ್ದರೆ. ಅವನು ಅರ್ಧ ಎತ್ತರವೇ ಇದ್ದರೆ ಉಳಿಯುವುದು 2000 ಪಿಕ್ಸೆಲ್. ಅದು 5×7ಕ್ಕೆ ಸಾಕು, ದೊಡ್ಡದಕ್ಕೆ ಸಾಲದು. ಗಿರಾಕಿ ದೊಡ್ಡದು ಕೇಳಿದಾಗ ಇದನ್ನು ಮುಖಕ್ಕೇ ಹೇಳಿ. ಮಸುಕು ಪ್ರಿಂಟ್ ಕೊಟ್ಟು ಕಾಸು ಪಡೆಯಬೇಡಿ.

ಈಗ ಒಂದು ಪಂದ್ಯದ ವಿಷಯ. ಗೋಲಿನ ಮುಂದೆ ಅರ್ಧ ವೃತ್ತದ ಹಾಗೆ ಗೆರೆ ಎಳೆದ ಜಾಗ, ಅಂದರೆ ಡಿ ಒಳಗೆ, ಒಬ್ಬ ಹುಡುಗ ಚೆಂಡು ಹಿಡಿದು ನುಗ್ಗುತ್ತಿದ್ದಾನೆ. ಎದುರು ತಂಡದ ಹಿರಿಯರೊಬ್ಬರು, ಅರವತ್ತು ದಾಟಿರಬೇಕು, ನೆಲಕ್ಕೆ ಬಾಗಿ ಸ್ಟಿಕ್ ಚಾಚಿದ್ದಾರೆ. ನಾನು ಆ ಸಂಜೆ ಹುಡುಗನನ್ನಷ್ಟೇ ಉಳಿಸಿ, ಹಿರಿಯರನ್ನು ಕತ್ತರಿಸಿ ಹಾಕಿದೆ. ಹುಡುಗನ ತಾಯಿ ಬಂದು ನೋಡಿದರು. "ಚೆನ್ನಾಗಿದೆ. ಆದರೆ ಇವನು ಯಾರನ್ನು ದಾಟಿ ಹೋದ?" ಅಂತ ಕೇಳಿದರು. ನಾನು ಪೂರ್ತಿ ಫೋಟೋ ತೆರೆದು ತೋರಿಸಿದೆ. ಅವರ ಮುಖವೇ ಬದಲಾಯಿತು. ಆ ಹಿರಿಯರು ಅವರಿಗೆ ಸಂಬಂಧದಲ್ಲಿ ಮಾವ ಆಗಬೇಕಂತೆ. ಇಬ್ಬರೂ ಇರುವ ಫೋಟೋವನ್ನೇ 12×18 ಮಾಡಿಸಿಕೊಂಡರು. ಎರಡು ದಿನ ಬಿಟ್ಟು ಆ ಹಿರಿಯರ ಮಗಳೂ ಬಂದರು. ಅವರಿಗೆ ಅಪ್ಪ ಒಬ್ಬರೇ ಇರುವುದು ಬೇಕಿತ್ತು, ಬಾಗಿದ ಬೆನ್ನು, ಚಾಚಿದ ಕೈ, ನೆಲದ ಮೇಲೆ ಸ್ಟಿಕ್, ಅಷ್ಟು ಸಾಕು ಅಂದರು.

ಅವತ್ತಿನಿಂದ ನಾನು ಕತ್ತರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಫೋಟೋ ಯಾರ ಮನೆಗೆ ಹೋಗಬೇಕು? ಒಂದೇ ಫ್ರೇಮಿನಲ್ಲಿ ಎರಡು ಮನೆಯ ಫೋಟೋ ಇರಬಹುದು. ಒಂದೇ ಸಲ ಕತ್ತರಿಸಿ ಕೈ ತೊಳೆದುಕೊಂಡರೆ ಒಂದು ಮನೆಯನ್ನು ನಾವೇ ಹೊರಗೆ ಹಾಕಿದಂತೆ, ಅಲ್ವಾ? ಪತ್ರಿಕೆಗೆ ಒಂದು ಗಟ್ಟಿ ಕ್ಷಣ ಸಾಕು. ಮನೆಯವರಿಗೆ ಯಾರ ಪಕ್ಕ ಯಾರಿದ್ದರು ಅನ್ನುವುದೂ ಬೇಕು.

ಎಲ್ಲಿ ಕತ್ತರಿ ಹಾಕಬಾರದು ಅನ್ನುವುದು ಅಭ್ಯಾಸದಿಂದ ಬರುತ್ತದೆ. ಮಂಡಿ, ಮೊಣಕೈ, ಪಾದದ ಗೆಣ್ಣಿನಲ್ಲಿ ಕತ್ತರಿಸಿದರೆ ಅಂಗ ತುಂಡಾದ ಹಾಗೆ ಕಾಣುತ್ತದೆ. ತೊಡೆಯ ಮಧ್ಯಭಾಗದಲ್ಲೋ ಸೊಂಟದ ಹತ್ತಿರವೋ ಕತ್ತರಿಸಿ. ಓಡುವವನ ಮುಂದೆ ಜಾಗ ಬಿಡಿ, ಹಿಂದೆ ಕಮ್ಮಿ ಸಾಕು. ಚೆಂಡು ಫೋಟೋದಲ್ಲಿದ್ದರೆ ಅದನ್ನು ಕಳೆಯಬೇಡಿ. ಚೆಂಡು ಇಲ್ಲದಿದ್ದರೆ ಆಟಗಾರನ ಕಣ್ಣು ಎತ್ತ ನೋಡುತ್ತಿದೆಯೋ ಆ ಕಡೆ ತೆರೆದಿಡಿ. ನೆಲ ವಾಲಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಕ್ರಾಪ್. ತಿರುಗಿಸುವಾಗ ನಾಲ್ಕೂ ಮೂಲೆ ಸ್ವಲ್ಪ ಹೋಗುತ್ತದೆ.

ಪ್ರಿಂಟಿನ ಅಳತೆಯಲ್ಲಿ ನಾನು ಒಮ್ಮೆ ಎಡವಿದ್ದೇನೆ. ಕ್ಯಾಮೆರಾದ ಫೋಟೋ 8×12ಕ್ಕೆ ಹಾಗೇ ಕೂರುತ್ತದೆ. ಒಬ್ಬರ ಮನೆಯಲ್ಲಿ ಹಳೆ ಫ್ರೇಮ್ ಇತ್ತು, 8×10. ಅದಕ್ಕೇ ಕೊಡಿ ಅಂದರು. ನಾನು ನೋಡದೆ ಕಳಿಸಿಬಿಟ್ಟೆ. ಉದ್ದದಲ್ಲಿ ಎರಡು ಇಂಚು ಹೋಯಿತು. ಅದರ ಜೊತೆ ಸ್ಟಿಕ್ಕಿನ ತುದಿಯೂ ಚೆಂಡೂ ಹೋದವು. ಮೇಲಿಂದ ಫ್ರೇಮಿನ ಅಂಚು ಸುತ್ತಲೂ ಇನ್ನಷ್ಟು ಮುಚ್ಚಿತು. ಹುಡುಗಿ ಬರಿಗೈಯಲ್ಲಿ ಓಡುತ್ತಿದ್ದ ಹಾಗಿತ್ತು. ಹೊಸದು ಮಾಡಿಕೊಟ್ಟೆ, ಆದರೆ ಅವರ ಅಜ್ಜಿ ಮೊದಲು ನೋಡಿದ್ದು ಆ ಹಾಳಾದ ಪ್ರಿಂಟನ್ನೇ. ಈಗ ಅಳತೆ ಕೇಳಿದ ಮೇಲೆಯೇ ಕ್ರಾಪ್ ಮಾಡುತ್ತೇನೆ. ಮೊಬೈಲ್ ಸ್ಟೇಟಸ್‌ಗೆ ಬೇಕು ಅಂದರೆ ಅದಕ್ಕೆ ಬೇರೆಯೇ ಉದ್ದನೆಯ ಕ್ರಾಪ್.

ಇನ್ನೊಂದು ವಿಷಯ ನಾನು ಬಿಟ್ಟುಕೊಡುವುದಿಲ್ಲ. ಬದಿಯಲ್ಲಿರುವ ಬ್ಯಾನರ್ ಕತ್ತರಿಸಬಹುದು. ಆದರೆ ಇಲ್ಲದ ಚೆಂಡು ತಂದು ಕೂರಿಸುವುದು, ನಡುವೆ ನಿಂತ ಆಟಗಾರನನ್ನು ಅಳಿಸುವುದು, ಇವೆರಡೂ ಬೇಡ. ಗಿರಾಕಿ ಎಷ್ಟು ಕೇಳಿಕೊಂಡರೂ ಬೇಡ. ಅಲ್ಲಿದ್ದ ಸಾವಿರ ಜನ ಆ ಪಂದ್ಯ ನೋಡಿದ್ದಾರೆ.

ಮಾರುವ ಮಾತು ಚಿಕ್ಕದು. ಬೆಲೆಯ ಪಟ್ಟಿ ಮೊದಲೇ ಬರೆದು ಹಾಕಿ, ಎಲ್ಲರಿಗೂ ಒಂದೇ ಬೆಲೆ. ತೋರಿಸಲು ಸಣ್ಣ ಫೈಲ್ ಕಳಿಸಿ, ಮೇಲೆ ನಿಮ್ಮ ಹೆಸರಿರಲಿ. ದುಡ್ಡು ಕೊಟ್ಟವರಿಗೆ ದೊಡ್ಡ ಫೈಲನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗುತ್ತದೆ. ಆಯೋಜಕರ ಅನುಮತಿ ಇಲ್ಲದೆ ಮೈದಾನದ ಅಂಚಿಗೆ ಹೋಗಬೇಡಿ. ಮಕ್ಕಳ ಫೋಟೋವನ್ನು ಅಪ್ಪ ಅಮ್ಮನನ್ನು ಕೇಳದೆ ಎಲ್ಲೂ ಹಾಕಬೇಡಿ, ಬೇರೆಯವರಿಗೆ ಮಾರಲೂ ಬೇಡಿ. ಹಕ್ಕಿನ ವಿಷಯ ಹೇಳುವುದಾದರೆ, ಯಾರ ನೌಕರಿಯಲ್ಲೂ ಇಲ್ಲದೆ ನೀವಾಗಿ ತೆಗೆದ ಫೋಟೋದ ಹಕ್ಕು 1957ರ ಕಾಪಿರೈಟ್ ಕಾಯ್ದೆಯಂತೆ ನಿಮ್ಮದು. ಯಾರಾದರೂ ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದ ಪಕ್ಷಕ್ಕೆ ಹಕ್ಕು ತೆಗೆಸಿದವರದ್ದು. ಹಾಗಾಗಿ ಒಪ್ಪಂದವನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ.

ಕ್ರಾಪ್ ಮಾಡಿದ ಮೇಲೆ ಮೂಲ ಫೋಟೋವನ್ನು ಅಳಿಸಬೇಡಿ. ಎರಡು ಹಾರ್ಡ್ ಡಿಸ್ಕಿನಲ್ಲಿ, ವರ್ಷ ಮತ್ತು ಮನೆಪೆದ ಬರೆದು ಇಡಿ. ಹೋದ ಮಳೆಗಾಲದಲ್ಲಿ ಒಬ್ಬರು ನನ್ನ ಅಂಗಡಿಗೆ ಬಂದರು. ಹಿಂದೊಮ್ಮೆ ನನ್ನಿಂದ ಅವರ ಮಗನ ಫೋಟೋ ತೆಗೆದುಕೊಂಡಿದ್ದರು. "ಅವತ್ತು ನಮ್ಮ ಅಪ್ಪ ಅದೇ ಲೈನಿನ ಪಕ್ಕ ನಿಂತಿದ್ದರು. ಈಗ ಅವರಿಲ್ಲ. ನಿಮ್ಮ ಫೋಟೋದಲ್ಲಿ ಎಲ್ಲಾದರೂ ಸಿಕ್ಕಿರಬಹುದಾ?" ಅಂತ ಕೇಳಿದರು. ಮೂಲ ಫೋಟೋ ತೆರೆದೆ. ನಾನು ಕತ್ತರಿಸಿ ಬಿಟ್ಟಿದ್ದ ಎಡಗಡೆಯ ಮೂಲೆಯಲ್ಲಿ, ಕೊಡೆ ಹಿಡಿದು, ಮೊಮ್ಮಗನ ಕಡೆಗೇ ನೋಡುತ್ತಾ ನಿಂತಿದ್ದರು. ಫೋಕಸ್ ಅವರ ಮೇಲಿರಲಿಲ್ಲ. ಆದರೂ ಗುರುತು ಸಿಗುತ್ತಿತ್ತು. ದೊಡ್ಡದು ಬರುವುದಿಲ್ಲ, 5×7 ಮಾಡಬಹುದು ಅಂದೆ. ಇಬ್ಬರೂ ಒಟ್ಟಿಗೆ ಇರುವ ಹಾಗೆ ಮಾಡಿ ಅಂದರು. ಅಡ್ಡಕ್ಕೆ ಕತ್ತರಿಸಿದೆ, ಅಜ್ಜ ಆ ತುದಿಯಲ್ಲಿ, ಹುಡುಗ ಈ ತುದಿಯಲ್ಲಿ, ನಡುವೆ ಬರೀ ಹುಲ್ಲು.