ಸ್ಟೂಡೆಂಟ್ ಟ್ರಂಪೆಟ್ ಅಂದ್ರೆ ಅಗ್ಗದ ಮಾಲಲ್ಲ

ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ, ಟ್ರಂಪೆಟ್‌ನ ಈ ಬೆಲ್, ಅಂದ್ರೆ ಮುಂದಿನ ಅಗಲವಾದ ತುದಿ ನೋಡಿ. ಕೆಂಪಗಿದೆ ಅಲ್ವಾ? ಬಣ್ಣ ಅಲ್ಲ ಇದು, ತಾಮ್ರ. ಕಾನ್ ಕಂಪನಿಯ ಡೈರೆಕ್ಟರ್ ಟ್ರಂಪೆಟ್. 1950-60ರ ದಶಕದಲ್ಲಿ ಅಮೆರಿಕದ ಇಂಡಿಯಾನಾದ ಎಲ್ಕಾರ್ಟ್ ಊರಲ್ಲಿ ಸ್ಕೂಲ್ ಬ್ಯಾಂಡ್ ಮಕ್ಕಳಿಗಾಗಿ ಮಾಡಿದ್ದು.

ಮಾಮೂಲಿ ಬೆಲ್ ಆದರೆ ಹಿತ್ತಾಳೆ ತಗಡು ಸುತ್ತಿ ಬೆಸುಗೆ ಹಾಕಿರುತ್ತಾರೆ, ಬೆಳಕಿಗೆ ಹಿಡಿದರೆ ಸಣ್ಣ ಗೆರೆ ಸಿಗುತ್ತದೆ. ಇದರಲ್ಲಿ ಎಷ್ಟು ಹುಡುಕಿದರೂ ಇಲ್ಲ. ಯಾಕಂದ್ರೆ ಅಚ್ಚನ್ನು ದ್ರಾವಣದಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಅದರ ಮೇಲೆ ತಾಮ್ರ ಕೂರಿಸುತ್ತಾ ಕೂರಿಸುತ್ತಾ ಇಡೀ ಬೆಲ್ಲನ್ನೇ ಬೆಳೆಸುತ್ತಿದ್ದರು. ಕೋಪ್ರಿಯನ್ ಅಂತ ಹೆಸರು. ಎಲ್ಲಾ ಡೈರೆಕ್ಟರ್‌ಗಳಲ್ಲೂ ಇದು ಇರುವುದಿಲ್ಲ, ಕೊಳ್ಳುವಾಗ ನೋಡಿಕೊಳ್ಳಿ. ಬಸ್ಸಿನಲ್ಲಿ ಬೀಳಿಸಿ ನೆಗ್ಗಿಸಿಕೊಂಡು ಬರುವ ಮಕ್ಕಳಿಗೆ ಇಷ್ಟೆಲ್ಲಾ ಕಷ್ಟಪಟ್ಟಿದ್ದಾರೆ!

ಪಕ್ಕದಲ್ಲಿರುವುದು ಓಲ್ಡ್ಸ್ ಅಂಬಾಸಡರ್. ಕಾರು ನೆನಪಾಯ್ತಾ? ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕ್ಯಾಲಿಫೋರ್ನಿಯಾದ ಕಂಪನಿ, ಹಳೆಯದಾದರೆ ಬೆಲ್ ಮೇಲೆ ಲಾಸ್ ಏಂಜಲೀಸ್ ಅಂತ ಕೆತ್ತಿರುತ್ತದೆ, ಆಮೇಲಿನದಾದರೆ ಫುಲ್ಲರ್ಟನ್. 1979ರಲ್ಲಿ ಬಾಗಿಲು ಹಾಕಿತು. ಮಕ್ಕಳಿಗೆ ಅಂತ ಮಾಡಿದ್ದನ್ನು ದೊಡ್ಡವರೂ ಊದಿದರು, ಈಗಲೂ ಊದುತ್ತಾರೆ. ನನಗೆ ಕೇಳಿದರೆ ಎರಡರಲ್ಲಿ ಇದೇ ಇಷ್ಟ, ಕೋಪ್ರಿಯನ್ ಚಂದ ಇರಬಹುದು, ಆದರೆ ಇದನ್ನು ಕೈಯಲ್ಲಿ ಹಿಡಿದರೇ ಗಟ್ಟಿಮುಟ್ಟು ಅಂತ ಗೊತ್ತಾಗುತ್ತದೆ.

ಕಾನ್ ಕಥೆ ಬೇರೆ. 1970ರ ಸುಮಾರಿಗೆ ಅದನ್ನು ಕೊಂಡಿದ್ದು ಯಾರು ಗೊತ್ತಾ, ಒಂದು ಪುಸ್ತಕ ಪ್ರಕಾಶನ ಸಂಸ್ಥೆ! ಸ್ಟೂಡೆಂಟ್ ವಾದ್ಯಗಳ ಕೆಲಸ ಟೆಕ್ಸಾಸ್‌ನ ಆಬಿಲೀನ್‌ಗೆ ಹೋಯಿತು. ಅದಕ್ಕೇ ಜನ ಎಲ್ಕಾರ್ಟ್ ಕಾಲದ್ದೇ ಬೇಕು ಅಂತ ಹುಡುಕುತ್ತಾರೆ.

ಇಲ್ಲಿ ಅಮೆರಿಕದಲ್ಲಿ ಮಗು ಬ್ಯಾಂಡ್‌ಗೆ ಸೇರಿದ ತಕ್ಷಣ ನಮ್ಮವರು ಆನ್‌ಲೈನ್‌ನಲ್ಲಿ ಪಳಪಳ ಹೊಳೆಯುವ ಹೆಸರಿಲ್ಲದ ಟ್ರಂಪೆಟ್ ತರಿಸಿಬಿಡುತ್ತಾರೆ. ಸುಮ್ನೆ ಒಂದ್ಸಲ ಹಳೇದನ್ನೂ ನೋಡಿ. ಲ್ಯಾಕರ್, ಅಂದ್ರೆ ಮೇಲಿನ ಹೊಳಪಿನ ಲೇಪ, ಹೋಗಿದ್ದರೆ ಹೋಗಲಿ, ಊದಲು ಏನೂ ತೊಂದರೆ ಇಲ್ಲ. ಬಾಯಿ ಕಡೆಯ ಕೊಳವೆಯಲ್ಲಿ ಗುಲಾಬಿ ಚುಕ್ಕೆ ಇದ್ದರೆ ಮಾತ್ರ ಹುಷಾರು, ಹಿತ್ತಾಳೆಯ ಒಳಗಿನ ಸತು ಹೋಗಿ ಲೋಹ ತಿಂದುಹೋಗುತ್ತಿದೆ ಅಂತ ಅರ್ಥ. ಆಮೇಲೆ ವಾಲ್ವ್ (ಬೆರಳಲ್ಲಿ ಒತ್ತುವುದು) ಒತ್ತದೆ ಆ ವಾಲ್ವಿನ ಸ್ಲೈಡ್, ಅಂದ್ರೆ ಜಾರಿಸಿ ತೆಗೆಯುವ ಕೊಳವೆ, ಹೊರಗೆ ಎಳೆಯಿರಿ, ಒಂದೆರಡು ಸೆಕೆಂಡ್ ಬಿಟ್ಟು ವಾಲ್ವ್ ಒತ್ತಿ. ಟಪ್ ಅಂದರೆ ವಾಲ್ವ್ ಸವೆದಿಲ್ಲ.

ಈ ಡೈರೆಕ್ಟರ್‌ದು ಮೂರನೇ ಸ್ಲೈಡ್ ಅಲ್ಲಾಡುತ್ತಿಲ್ಲ, ರಿಪೇರಿಯವರಿಗೇ ಕೊಡುತ್ತೇನೆ. ನಿಮ್ಮದೂ ಹೀಗಿದ್ದರೆ ದಯವಿಟ್ಟು ಇಕ್ಕಳ ಹಾಕಿ ಎಳೆಯಬೇಡಿ.